ಅತ್ತೆಯ ಕಾಲಿನ ಹುಣ್ಣು ಮತ್ತು ಕಂಪೌಂಡರನ ಕೌದಿ

ಮುದುಕರಿಗೆ ಸೇವೆ ಮಾಡುವುದು ಪುಣ್ಯದ ಕೆಲಸವೆಂದು ಹೇಳಿದವರಿಗೆ ನನ್ನ ಸೋದರತ್ತೆಯ ಪರಿಚಯವಿರಲಿಲ್ಲ. ನಿಜಾಮರ ಕಾಲದಲ್ಲಿ ನಾನು ಹುಮನಾಬಾದಿನಲ್ಲಿ ಮಾಸ್ತರನಾಗಿದ್ದೆ. ಮಗ್ಗುಲಿನ ಹುಡಗಿ ಎಂಬ ಹಳ್ಳಿಯಲ್ಲಿದ್ದ ಅತ್ತೆಯ ಅಂಗಾಲಿಗೆ ಮುಳ್ಳು ನೆಟ್ಟು ಹುಣ್ಣಾಯಿತು. ದವಾಖಾನೆಗೆ ನಡೆ ಎಂದರೆ ಸಿಡಿದೆದ್ದಳು.

"ದಿಕ್ಕಿಲ್ಲದವರು ಹೋಗ್ತಾರಪ್ಪಾ ಅಲ್ಲಿಗಿ. ನನ್ನವರೆಲ್ಲಾ ಸತ್ತಾರೇನು?"

ಕೈಕಾಲು ಹಿಡಿದು ಕಂಪೌಂಡರ್ ಮಾಣಿಕಪ್ಪನನ್ನೇ ಮನೆಗೆ ಕಳಿಸಿದೆ. ಮೂರು ದಿನಕ್ಕೊಮ್ಮೆ ಸೈಕಲ್ ತುಳಿದು ಬಂದು ಅವನು ಪಟ್ಟಿ ಕಟ್ಟುತ್ತಿದ್ದ. ನೆಲಕ್ಕೆ ಕಾಲೂರಬಾರದು, ಕೀವು ಮೇಲೇರಿದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಹೆದರಿಸಿಯೂ ಇದ್ದ. ಆದರೂ ಹುಣ್ಣು ಮಾಯಲಿಲ್ಲ. ಒಂದು ದಿನ ನಾನೇ ಹೋಗಿ ನೋಡಿದರೆ, ಅವನು ಬರುವ ದಿನವೆಂದು ಅತ್ತೆ ನಸುಕಿಗೇ ಎದ್ದು ಮನೆ ಸಾರಿಸಿ, ನೀರು ತಂದು, ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು!

"ಏನ್ ಮಾಡಾಕತ್ತಿ ಅತ್ತಿ?" ಎಂದು ಚೀರಿದೆ.

"ಅಷ್ಟು ದೂರಿಂದ ಬರ್ತಾನ. ಬಾಯಿಗಿ ಏನೂ ಹಾಕದ ಅವನ ಕಡಿಂದ ಕಾಲು ಹಿಡಿಸ್ಕೊಳ್ಳಲೇನು?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಲ್ಯಾಣದ ಸೀಮೆಯವರು ನಾವು. ದಾಸೋಹವೆಂದರೆ ಎಂಟು ಶತಮಾನದ ಅಭ್ಯಾಸ. ನೀಡುವುದನ್ನು ಕಲಿಸಿದವರು ಎಷ್ಟೋ ಮಂದಿ. ಸುಮ್ಮನೆ ಕೂತು ತೆಗೆದುಕೊಳ್ಳುವುದನ್ನು ಮಾತ್ರ ಒಬ್ಬರೂ ಕಲಿಸಲಿಲ್ಲ. ಇದನ್ನು ಅತ್ತೆಗೆ ಸವಿಸ್ತಾರವಾಗಿ ಉಪದೇಶಿಸಿದೆ. ಅವಳು ನನಗೂ ಎರಡು ರೊಟ್ಟಿ ಬಡಿದಳು.

ಅಷ್ಟರಲ್ಲಿ ಬಂದ ಮಾಣಿಕಪ್ಪ ಎಲ್ಲವನ್ನೂ ನೋಡಿದ, ಬೈಯಲಿಲ್ಲ. ಮುಂದಿನ ಸಲ ಹಳೇ ಧೋತರ, ಸೀರೆಗಳ ಗಂಟೊಂದನ್ನು ತಂದು ಅವಳ ಮುಂದಿಟ್ಟ.

"ಅವ್ವಾರ, ಹೆಂಡತಿ ತೀರಿಹೋಗ್ಯಾಳ್ರಿ. ಥಂಡಿಗಿ ಹೊಚ್ಚಿಕೊಳ್ಳಾಕ ಒಂದು ಕೌದಿ ಇಲ್ರಿ. ರೊಟ್ಟಿ ಬ್ಯಾಡ, ಇದನ್ನ ಹೊಲ್ಕೊಡ್ರಿ."

ಕೌದಿ ಹೊಲಿಯಲು ಕಾಲು ಚಾಚಿ ಕೂರಲೇಬೇಕು. ಅತ್ತೆ ತಿಂಗಳೊಪ್ಪತ್ತು ಜಾಗ ಬಿಟ್ಟು ಕದಲಲಿಲ್ಲ. ನೆರೆಯವರು ನೀರು ತಂದರು, ರೊಟ್ಟಿ ಕೊಟ್ಟರು. ಕೈಯಲ್ಲಿ ಕೆಲಸವಿತ್ತಾದ್ದರಿಂದ ಅವಳಿಗೆ ಅದೂ ನಡೆಯಿತು. ಹುಣ್ಣು ಒಣಗಿತು, ಪಾದ ಉಳಿಯಿತು.

ಕೌದಿ ಒಯ್ಯಲು ಅವನು ಬಂದ ದಿನ ಅತ್ತೆ ನೆರೆಯವಳಿಗೆ ಹೇಳುತ್ತಿದ್ದಳು: "ಪಾಪ, ಹಿಂದಿಲ್ಲ ಮುಂದಿಲ್ಲ. ಇಷ್ಟು ದಿನ ನಾನೇ ನೋಡಿಕೊಂಡೆ ನೋಡವ್ವಾ."

ಮೈ ಉರಿದು ನಾನು ಬಾಯಿ ತೆರೆದೆ. ಮಾಣಿಕಪ್ಪ ಮೆಲ್ಲಗೆ ನನ್ನ ತೋಳು ಹಿಡಿದ.

"ಖರೇ ಅದರಿ ಮಾಸ್ತರ," ಎಂದ. "ನಮ್ಮ ಮನಿಯಾಗ ನನ್ನ ಹಾದಿ ಕಾಯೋರು ಯಾರೂ ಇಲ್ರಿ, ಇಲ್ಲಿ ಇದ್ರು."