ಎದುರು ತುದಿಯ ಮೊಗ್ಗು

ಕಳೆದ ವಾರ ರಾಯಚೂರಿನಲ್ಲಿ ಆಟೋ ಇಳಿಯುತ್ತಿದ್ದ ಹಾಗೆಯೇ ಹುಳಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಸ್ಟೇಷನ್ ರಸ್ತೆಯ ಹಳೆಯ ರೊಟ್ಟಿ ಭಟ್ಟಿ ಇನ್ನೂ ಇದೆ. ಬಾಗಿಲ ಬಳಿ ಒದ್ದೆ ಬಟ್ಟೆ ಮುಚ್ಚಿದ ಬೋಗುಣಿ, ಅದರಲ್ಲಿ ಗುಳ್ಳೆ ಗುಳ್ಳೆಯಾಗಿ ಉಬ್ಬಿದ ಖಮೀರ. ನಾನ್ ರೊಟ್ಟಿ ಉಬ್ಬಲೆಂದು ಹಿಂದಿನ ದಿನದ ಹಿಟ್ಟನ್ನು ಹುಳಿ ಬರಿಸಿ ಇಟ್ಟುಕೊಳ್ಳುತ್ತಾರಲ್ಲ, ಅದು. ಮಾನ್ವಿ ಬಸ್ಸಿಗೆ ಹೊತ್ತಾಗುತ್ತಿತ್ತು, ಕಾಲು ಮಾತ್ರ ಏಳಲಿಲ್ಲ. ಅಕ್ಕೋರು ನೆನಪಾದರು...

ಎಂಬತ್ತರ ದಶಕದ ಶುರು. ನಾನು ಗೂಗಲ್ ಎಂಬ ನಮ್ಮ ಹಳ್ಳಿಯಿಂದ ಪಿಯುಸಿ ಓದಲು ರಾಯಚೂರಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿದ್ದೆ. ಅಕ್ಕೋರು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಲೈಡ್ ಮಾಡುವುದು, ಸೂಕ್ಷ್ಮದರ್ಶಕ ನೋಡುವುದು ಕಲಿಸುತ್ತಿದ್ದರು. ಉಳಿದ ಹುಡುಗಿಯರು ಗಂಟೆ ಬಾರಿಸಿದ ಕೂಡಲೇ ಓಡಿಹೋಗುತ್ತಿದ್ದರು. ನಾನೊಬ್ಬಳೇ ಉಳಿಯುತ್ತಿದ್ದೆ, ಅದಕ್ಕೆ ಅವರಿಗೆ ನನ್ನ ಮೇಲೆ ಪ್ರೀತಿ. ನಿಜ ಹೇಳಬೇಕೆಂದರೆ ಚಿಕ್ಕಮ್ಮನ ಮನೆಯ ಕೆಲಸ ತಪ್ಪಿಸಿಕೊಳ್ಳಲು ಉಳಿಯುತ್ತಿದ್ದೆ.

ಖಮೀರದೊಳಗಿನ ಯೀಸ್ಟ್ ಅವರ ಹುಚ್ಚು. ಒಂದೇ ಒಂದು ಕೋಶ, ಅದರ ಮೈಮೇಲೆ ಸಣ್ಣದೊಂದು ಮೊಗ್ಗು ಮೂಡಿ, ದೊಡ್ಡದಾಗಿ, ಕಳಚಿಕೊಂಡು ಮಗಳಾಗುತ್ತದೆ. ಆಮೇಲೆ ತಾಯಿ ಇನ್ನೊಂದು ಮೊಗ್ಗು ಬಿಡುತ್ತದೆ. ಆ ಎರಡನೆಯದು ಎಲ್ಲಿ ಬರುತ್ತದೆ? ಹಳೆಯದು ಕಳಚಿದ ಜಾಗದ ಪಕ್ಕದಲ್ಲೋ, ಎದುರು ತುದಿಯಲ್ಲೋ?

"ಕಣ್ಣಿಲ್ಲ, ತಲಿ ಇಲ್ಲ. ಈ ಕಡಿನ ಬೆಳೀಬೇಕು ಅಂತ ಇದಕ್ಕ ಹ್ಯಾಂಗ ತಿಳೀತದ ಹೇಳು?" ಎನ್ನುತ್ತಿದ್ದರು. ನನಗೆ ಹೇಗೆ ಗೊತ್ತಾಗಬೇಕು! ಖಮೀರ ಕೊಡುತ್ತಿದ್ದ ಭಟ್ಟಿಯ ಚಾಚಾ ನಗುತ್ತಿದ್ದರು. "ನಮಗ ಉಬ್ಬಿದ್ರ ಸಾಕ್ರೀ ಅಕ್ಕೋರೆ. ಯಾವ ದಿಕ್ಕಿಗೆ ಉಬ್ಬಿತು ಅಂತ ಯಾರು ನೋಡ್ತಾರ?"

ಅಕ್ಕೋರು ನೋಡುತ್ತಿದ್ದರು. ದೂರದ ಊರಿನ ಪ್ರೊಫೆಸರೊಬ್ಬರಿಗೆ ಕಾಗದವನ್ನೂ ಬರೆದಿದ್ದರು. ಉತ್ತರ ಬಂದಿತ್ತು. ಒಂದೇ ಕೋಶ ಎರಡು ಮೊಗ್ಗು ಬಿಡುವುದನ್ನು ಮೊದಲಿಂದ ಕೊನೆಯವರೆಗೆ ಚಿತ್ರ ಬರೆದು ತನ್ನಿ, ಸಂಶೋಧನೆಗೆ ಸೇರಿಸಿಕೊಳ್ಳುವ ಮಾತಾಡೋಣ ಎಂದು. ಆ ಕಾಗದವನ್ನು ಅವರು ಪರ್ಸಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಆದರೆ ನಮ್ಮೂರ ಬಿಸಿಲಿಗೆ ಸ್ಲೈಡ್ ಒಣಗಿಹೋಗುತ್ತಿತ್ತು, ಇಲ್ಲವೇ ನಡುವೆ ಕ್ಲಾಸು ಬರುತ್ತಿತ್ತು. ಒಂದು ಸಲವೂ ಪೂರ್ತಿಯಾಗಿರಲಿಲ್ಲ.

ಆ ದಿನ ಎಲ್ಲವೂ ಕೂಡಿಬಂದಿತ್ತು. ಸ್ಲೈಡ್ ಒಣಗದಂತೆ ಗಾಜಿನ ಅಂಚಿಗೆ ವ್ಯಾಸಲೀನ್ ಬಳಿದು, ಕೋಶವೊಂದನ್ನು ಆರಿಸಿ, ಬೆಳಗಿನಿಂದ ಇಬ್ಬರೂ ಸರದಿಯಲ್ಲಿ ಕೂತು ಬರೆದೆವು. ಮೊದಲ ಮೊಗ್ಗು ಎಡಗಡೆ ಬಂತು, ಬೆಳೆಯಿತು, ಕಳಚಿತು. ಅಷ್ಟರಲ್ಲಿ ಪ್ರಿನ್ಸಿಪಾಲರು ಅಕ್ಕೋರನ್ನು ಪರೀಕ್ಷೆ ಕಾಯಲು ಕರೆಸಿದರು.

"ಸ್ಲೈಡ್ ಮುಟ್ಟಬ್ಯಾಡ ನೋಡವ್ವಾ. ಹತ್ತು ನಿಮಿಷಕ್ಕೊಂದು ಚಿತ್ರ ತಗಿ," ಎಂದು ಹೇಳಿ ಹೋದರು.

ನಮ್ಮ ಸೂಕ್ಷ್ಮದರ್ಶಕಕ್ಕೆ ದೀಪವಿರಲಿಲ್ಲ. ಕೆಳಗಿನ ಕನ್ನಡಿಗೆ ಕಿಟಕಿಯ ಬೆಳಕೇ ಗತಿ. ಮಧ್ಯಾಹ್ನವಾದ ಮೇಲೆ ಮೂಡಣ ಕಿಟಕಿಯ ಬೆಳಕು ಇಳಿದು ಎಲ್ಲ ಮಬ್ಬಾಯಿತು. ಜಾಣೆ ನಾನು! ಸೂಕ್ಷ್ಮದರ್ಶಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪಡುವಣ ಕಿಟಕಿಗೆ ಹೊರಟೆ. ನಡುದಾರಿಯಲ್ಲಿ ಸ್ಲೈಡ್ ಜಾರಿ ಸೆರಗಿನಲ್ಲಿ ಬಿತ್ತು. ಒಡೆಯಲಿಲ್ಲ. ಒಡೆದಿದ್ದರೆ ಚೆನ್ನಾಗಿತ್ತು. ಮತ್ತೆ ಇಟ್ಟು ನೋಡಿದರೆ ಕಣ್ಣ ತುಂಬ ಕೋಶಗಳು. ಯಾವುದು ನಮ್ಮದು, ಯಾವುದು ಎಡ, ಯಾವುದು ಬಲ? ಒಂದು ನಮ್ಮದರ ಹಾಗೇ ಕಂಡಿತು... ಕಂಡಿತೋ, ನಾನೇ ಹಾಗೆ ಅಂದುಕೊಂಡೆನೋ. ಅದರ ಬಲಗಡೆ ಹೊಸ ಮೊಗ್ಗು ಇಣುಕುತ್ತಿತ್ತು. ಬರೆದುಬಿಟ್ಟೆ.

ಅಕ್ಕೋರು ಬಂದವರೇ ಚಿತ್ರಗಳನ್ನು ನೋಡಿ ನನ್ನ ಗಲ್ಲ ಹಿಡಿದುಕೊಂಡರು. "ಎದುರಿಗೇ ಬಂತಲ್ಲ ಯವ್ವಾ! ಸ್ಲೈಡ್ ಮುಟ್ಟಿಲ್ಲ ಹೌದಿಲ್ಲ?"

"ಇಲ್ಲರೀ," ಎಂದೆ.

ಅಷ್ಟು ಖುಷಿಯಾದ ಮುಖ ನೋಡಿ ಇನ್ನೇನು ಹೇಳಲಿ? ಹೇಳಬೇಕಿತ್ತು. ಗೊತ್ತು. ಕೊನೆಯ ಚಿತ್ರದ ಕೆಳಗೆ ಅವರು ನನ್ನ ಹೆಸರನ್ನೂ ಬರೆದರು.

ಚಿತ್ರಗಳನ್ನು ತೆಗೆದುಕೊಂಡು ಪ್ರೊಫೆಸರ ಊರಿಗೆ ಹೋದ ಅಕ್ಕೋರು ತಿರುಗಿ ಬಂದದ್ದು ನಾಲ್ಕು ದಿನಕ್ಕೆ. ಪ್ರೊಫೆಸರು ತಮ್ಮ ಎದುರಿಗೇ ಮತ್ತೊಮ್ಮೆ ಮಾಡಿ ತೋರಿಸಿ ಅಂದರಂತೆ. ಅಲ್ಲಿ ಎರಡನೆಯ ಮೊಗ್ಗು ಹಳೆಯದರ ಪಕ್ಕದಲ್ಲೇ ಬಂತಂತೆ. ಸಂಶೋಧನೆಗೆ ಸೇರಿಸಿಕೊಳ್ಳುವ ಮಾತು ಅಲ್ಲಿಗೇ ನಿಂತಿತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಸೂಕ್ಷ್ಮದರ್ಶಕಕ್ಕೆ ಬಟ್ಟೆ ಮುಚ್ಚುತ್ತಾ, "ನೀ ಬರೆದದ್ದು ಸರಿ ಅದ. ಮೊದಲನೇ ಮೊಗ್ಗು ನಾನ ತಪ್ಪು ನೋಡೀನಿ, ನನ್ನ ಕಣ್ಣ ಮೋಸ ಮಾಡಾಕತ್ತಾವು," ಎಂದರು. ಮರುವಾರ ಕನ್ನಡಕ ಹಾಕಿಕೊಂಡು ಬಂದರು. ಖಮೀರ ತರುವುದನ್ನು ಬಿಟ್ಟೇಬಿಟ್ಟರು. ಮುಂದಿನ ವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ನಾನು ಮಾನ್ವಿಯಲ್ಲಿ ಜೀವಶಾಸ್ತ್ರದ ಟೀಚರಾದೆ. ಎಷ್ಟೋ ವರ್ಷದ ಮೇಲೆ ದಪ್ಪ ಪುಸ್ತಕವೊಂದರಲ್ಲಿ ಓದಿದೆ. ಯೀಸ್ಟಿನಲ್ಲಿ ಎರಡು ಬಗೆಯಂತೆ. ಒಂದು ಬಗೆ ಹಳೆಯ ಗುರುತಿನ ಪಕ್ಕದಲ್ಲೇ ಮೊಗ್ಗು ಬಿಡುತ್ತದೆ, ಇನ್ನೊಂದು ಬಗೆಯ ತಾಯಿ ಈ ತುದಿಗೂ ಬಿಡಬಹುದು, ಆ ತುದಿಗೂ ಬಿಡಬಹುದು. ಹಾಗಾದರೆ ಪ್ರೊಫೆಸರ ಎದುರು ಬಂದದ್ದು ಸರಿ. ನಾನು ಬರೆದದ್ದೂ ಸರಿ ಇರಬಹುದೇ? ಅದು ನಮ್ಮದೇ ಕೋಶವಾಗಿದ್ದರೆ? ಅಲ್ಲದಿದ್ದರೆ? ನಾನು ಸುಳ್ಳು ಹೇಳಿದ್ದಂತೂ ನಿಜ. ಸುಳ್ಳು ಬರೆದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ... ಇದನ್ನೆಲ್ಲ ಹೇಳೋಣವೆಂದು ವಿಳಾಸ ಹುಡುಕಿಸಿದೆ. ಅಕ್ಕೋರು ತೀರಿಕೊಂಡು ಎರಡು ವರ್ಷವಾಗಿತ್ತು. ಕೊನೆಯವರೆಗೂ ಅವರು ತಮ್ಮ ಕಣ್ಣನ್ನೇ ಬೈದುಕೊಳ್ಳುತ್ತಿದ್ದರೋ ಏನೋ.

ಭಟ್ಟಿಯಲ್ಲಿ ಈಗ ಚಾಚಾನ ಸೊಸೆ ಕೂತಿದ್ದಾಳೆ. ಬೋಗುಣಿಯನ್ನೇ ನೋಡುತ್ತಾ ನಿಂತಿದ್ದ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. "ಸ್ಲೈಡ್ ಮುಟ್ಟಿದ್ದೆರೀ, ಅಕ್ಕೋರೆ."

"ಏನಂದ್ರೀ?" ಎಂದಳು ಅವಳು.

"ಏನಿಲ್ಲವ್ವಾ. ಒಂದು ಮುಷ್ಟಿ ಖಮೀರ ಕೊಡು," ಎಂದೆ.