ಮೂರನೆಯ ದಾಳ

ನನ್ನ ಗೆಳೆಯ ವೃಷಭನಷ್ಟು ಅಂಜುಬುರುಕ ಸಾಂಗಲಿ, ಮಿರಜ ಎರಡೂ ಊರು ಜಾಲಾಡಿದರೂ ಸಿಗಲಿಕ್ಕಿಲ್ಲ. ಆಳು ಆರಡಿ. ಅರಿಷಿಣದ ಪೇಟೆಯಲ್ಲಿ ಚೀಲಕ್ಕೆ ಕೈ ಹಾಕಿ, ಒಂದು ಕೊಂಬು ಮುರಿದು, ಮೂಸಿ, ಮಾಲು ಎಂಥದ್ದೆಂದು ಹೇಳುವುದು ಅವನ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡಿ ಅವನ ಬೆರಳಿನ ಹಳದಿ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಪೇಟೆಯಲ್ಲಿ ಅವನ ಮಾತಿಗೆ ದೊಡ್ಡ ದೊಡ್ಡ ವ್ಯಾಪಾರಿಗಳು ತಲೆ ಆಡಿಸುತ್ತಾರೆ. ಮನೆಗೆ ಬಂದರೆ ಹಲ್ಲಿ ಲೊಚಗುಟ್ಟಿದರೂ ನಿಂತುಬಿಡುತ್ತಾನೆ. ಮಳೆಗಾಲದಲ್ಲಿ ಐರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ನೀರು ಮೂವತ್ತು ಅಡಿ ಮುಟ್ಟಿತೆಂದರೆ ಅವನ ಬ್ಯಾಗು ಬಾಗಿಲ ಬಳಿ ತಯಾರಾಗಿರುತ್ತದೆ.

ಇಂಥವನು ರಾಕ್ಷಸರ ಆಟಕ್ಕೆ ಮಾಸ್ತರ. ಪ್ರತಿ ರವಿವಾರ ಮಧ್ಯಾಹ್ನ ಅವನ ಮನೆಯಲ್ಲಿ ನಾವು ನಾಲ್ವರು ಕೂಡುತ್ತಿದ್ದೆವು: ವೃಷಭ, ಅವನ ಹೆಂಡತಿ ಪ್ರಣಾಲಿ, ಅವನ ಕಾಕಾನ ಮಗ ಸಂಮೇದ, ಮಿರಜದಿಂದ ಬಸ್ಸು ಹಿಡಿದು ಬರುವ ನಾನು, ಅಂದರೆ ಚಷ್ಮಾದಂಗಡಿಯ ವಿಠ್ಠಲ. ನಮಗೆಲ್ಲ ಹಾಳೆಯ ಮೇಲೆ ಒಂದೊಂದು ಪಾತ್ರ. ವೃಷಭ ಗುಹೆ, ಶಾಪ, ರಾಕ್ಷಸ ಎಂದು ಕಥೆ ಹೇಳುತ್ತಾ ಹೋಗುತ್ತಾನೆ. ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳುತ್ತೇವೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಶಕ್ತಿ ಮುಗಿದ ಪಾತ್ರ ನೆಲಕ್ಕೆ ಬೀಳುತ್ತದೆ. ಆಮೇಲೆ ಸರದಿ ಬಂದಾಗಲೆಲ್ಲ ಆ ಪಾತ್ರದವರು ದಾಳ ಒಗೆಯಬೇಕು. ಮೂರು ಸಲ ಹತ್ತಕ್ಕಿಂತ ಕಡಿಮೆ ಬಿದ್ದರೆ ಸಾವು.

ಮೊದಲ ಮೂರು ವರ್ಷ ಸತ್ತವರು ಯಾರೂ ಸತ್ತೇ ಉಳಿಯಲಿಲ್ಲ. ವೃಷಭ ಮುಂದೆ ಒಂದು ರಟ್ಟು ನಿಲ್ಲಿಸಿಕೊಂಡು ಅದರ ಮರೆಯಲ್ಲಿ ದಾಳ ಒಗೆಯುತ್ತಿದ್ದ. ರಾಕ್ಷಸನ ಏಟು ಪ್ರತಿಸಲವೂ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಸಂಮೇದನ ಖಡ್ಗದವ ಹೇಗೋ ಸತ್ತಾಗ, ಎಲ್ಲಿಂದಲೋ ಒಬ್ಬ ಸನ್ಯಾಸಿ ಬಂದು ವಜ್ರ ಅರೆದು ಬಾಯಿಗೆ ಹಾಕಿ ಎಬ್ಬಿಸಿದ. ನನಗೆ ರೇಗಿಹೋಯಿತು.

"ಸಾಯೂದ ಇಲ್ಲಂದ್ರ ಏನ್ ಆಟಲೇ ಇದು? ಅಂಗನವಾಡಿ ನಡಸಾಕತ್ತಿಯೇನ?" ಎಂದೆ.

ಮೂಲೆಯಲ್ಲಿ ವೃಷಭನ ಅಜ್ಜಿ ಸಖುಬಾಯಿ ಜೋಳ ಹಸನು ಮಾಡುತ್ತಿದ್ದಳು. ಎಂಬತ್ತೆರಡರ ಮುದುಕಿ, ಕಿವಿ ಮಾತ್ರ ಚುರುಕು. "ಸತ್ತಾವನ್ನ ಎಬ್ಬಿಸಿದ್ರೇನ? ಜೀವ ನಿಮ್ಮ ದಾರಿ ಕಾಯ್ಕೋಂತ ಅಲ್ಲೇ ಕುಂತಿರ್ತೈತೇನ? ಕಣ್ಣ ಪಿಳಕಿಸೂದರೊಳಗ ಬ್ಯಾರೆ ಕಡೆ ಹುಟ್ಟಿರ್ತೈತಿ. ಹಂಗಾರ ಈಗ ಎದ್ದಾವ ಯಾರು?" ಎಂದಳು.

ಅವತ್ತೇ ಎರಡು ನಿಯಮ ಆದವು: ಇನ್ನು ದಾಳ ಎಲ್ಲರ ಕಣ್ಣೆದುರಿಗೆ, ಮತ್ತು ಸತ್ತವರು ವಾಪಸ್ಸು ಬರುವಂತಿಲ್ಲ. ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಅವನ್ನು ಬರೆದವನು ನಾನೇ. ಎಷ್ಟು ಹುರುಪಿನಿಂದ ಬರೆದೆ ಅಂತೀರಿ!

ಹೊಸ ನಿಯಮಕ್ಕೆ ಹೊಸ ಪಾತ್ರಗಳು ಬಂದವು. ಪ್ರಣಾಲಿ ತನ್ನ ಬಿಲ್ಲುಗಾರ್ತಿಗೆ ಶೀತಲ ಎಂದು ಹೆಸರಿಟ್ಟಳು. ನಮ್ಮ ಕಡೆ ಜೈನರಲ್ಲಿ ಅದು ಗಂಡಿಗೂ ನಡೆಯುತ್ತದೆ, ಹೆಣ್ಣಿಗೂ ನಡೆಯುತ್ತದೆ.

ಅವಳಿಗೆ ಆಗ ನಾಲ್ಕು ತಿಂಗಳು. ಹಿಂದೆ ಎರಡು ಸಲ ಐದನೆಯ ತಿಂಗಳಲ್ಲೇ ಹೋಗಿತ್ತು. ಅಷ್ಟು ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ಶೀತಲ ಎನ್ನುವುದು ಹೊಟ್ಟೆಯಲ್ಲಿದ್ದ ಕೂಸಿಗೆ ಅವರು ಆರಿಸಿಟ್ಟ ಹೆಸರು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವ ತನಕ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕೂಸಿಗೆ ಒಳ್ಳೆಯದಲ್ಲ ಎಂದು ಆ ಮನೆಯವರ ನಂಬಿಕೆ. ವೃಷಭ ಬೇಡವೆಂದು ಕೈ ಮುಗಿದಿದ್ದನಂತೆ. "ಮೊದಲಿನ ಎರಡಕ್ಕೂ ಮನಸಿನ್ಯಾಗ ಹೆಸರ ಇಟ್ಟಿದ್ನಿ. ಒಬ್ಬರೂ ಕರೀಲಿಲ್ಲ. ಇದನ್ನರೆ ನಾಕ ಮಂದಿ ಕರೀಲಿ" ಎಂದಳಂತೆ ಇವಳು.

ನಾವು ಕರೆದೆವು. "ಶೀತಲ, ಬಾಣ ಬಿಡು!" "ಶೀತಲ, ಹಿಂದ ಸರಿ!" ಪ್ರತಿ ಕೂಗಿಗೂ ಪ್ರಣಾಲಿಯ ಮುಖ ಅರಳುತ್ತಿತ್ತು, ವೃಷಭನ ಮುಖ ಬಿಳುಚುತ್ತಿತ್ತು. ಮಾಸ್ತರಿಗೆ ಅಸಿಡಿಟಿ ಆಗಿದೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಐದನೆಯ ರವಿವಾರ, ಅವಳಿಗೆ ಐದು ತುಂಬುತ್ತಿದ್ದಾಗ, ಹಗ್ಗದ ಸೇತುವೆಯ ಮೇಲೆ ರೆಕ್ಕೆಯ ರಾಕ್ಷಸ ಎದುರಾದ. ನಾನು ಆಚೆ ದಡದ ಪೆಟ್ಟಿಗೆಯ ಆಸೆಗೆ ನನ್ನ ಮಂತ್ರವಾದಿಯನ್ನು ಓಡಿಸಿಕೊಂಡು ಹೋದೆ. ಶೀತಲ ಹಿಂದೆ ಒಬ್ಬಳೇ ಉಳಿದಳು. ವೃಷಭ ರಾಕ್ಷಸನ ಪರವಾಗಿ ದಾಳ ಒಗೆದ. ಎಲ್ಲರ ಕಣ್ಣೆದುರಿಗೆ ಇಪ್ಪತ್ತು ಬಿತ್ತು. ಶೀತಲ ನೆಲಕ್ಕೆ ಬಿದ್ದಳು. ಕೊನೆಗೂ ಆಟ ಆಟದಂತಾಯಿತೆಂದು ನಾನು ಚಪ್ಪಾಳೆ ತಟ್ಟಿದೆ. ಆ ಸಪ್ಪಳ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ಪ್ರಣಾಲಿ ಒಗೆದಳು. ಆರು. ನನ್ನ ಮಂತ್ರವಾದಿ ಓಡಿ ಬಂದರೂ ಮುಟ್ಟಲಾರದಷ್ಟು ದೂರ ಇದ್ದ. ಸಂಮೇದನ ಖಡ್ಗ ತಪ್ಪಿತು. ಅವಳು ಮತ್ತೆ ಒಗೆದಳು. ಮೂರು.

ಉಳಿದದ್ದು ಒಂದು. ಅವಳ ಎಡಗೈ ಹೊಟ್ಟೆಯ ಮೇಲೆ ಹೋಯಿತು. ವೃಷಭ ತನ್ನ ಹಳದಿ ಅಂಗೈಯನ್ನು ದಾಳದ ಮೇಲೆ ಮುಚ್ಚಿದ.

"ಇವತ್ತಿಗೆ ಸಾಕು."

"ಏ, ನಿಯಮ ಅಂದ್ರ ನಿಯಮ! ತಗಿ ಕೈ" ಎಂದೆ ನಾನು.

"ಅದು ನಮ್ಮ ಕೂಸಿನ ಹೆಸರಲೇ, ವಿಠ್ಠಲ" ಎಂದು ಅವನು ಅತ್ತೇಬಿಟ್ಟ. ಎಲ್ಲವನ್ನೂ ಹೇಳಿದ.

ನಾನು ಓದಿದವನು, ಇಂಥದ್ದೆಲ್ಲ ನಂಬುವವನಲ್ಲ ಎಂದು ಹೇಳಿಕೊಂಡು ತಿರುಗುವವನು. ಆದರೂ ಕಣ್ಣು ರಟ್ಟಿನ ಕಡೆಗೆ ಹೋಯಿತು. ರಟ್ಟಿನ ಮೇಲಿದ್ದದ್ದು ನನ್ನದೇ ಅಕ್ಷರ.

"ವಯನಿ, ಕಾಗದ ಅದು" ಎಂದು ಅತ್ತಿಗೆಗೆ ಹೇಳಿ ಸಂಮೇದ ಅಣ್ಣನ ಕಡೆ ತಿರುಗಿದ. "ದಾದಾ, ನಿಯಮ ಅಳಸು. ಆ ಸನ್ಯಾಸಿನ್ನ ಕರಸು."

ಪ್ರಣಾಲಿ ತಲೆ ಅಲ್ಲಾಡಿಸಿದಳು. "ಹಿಂದ ಎರಡು ಸಲಾನೂ ಏನೂ ಆಗಾಂಗಿಲ್ಲ ಅಂತ ಎಲ್ಲಾರೂ ಅಂದ್ರಿ. ಆತು. ನೀವು ಉಳಸೇವಿ ಅಂದ್ರ ನಾ ಈಗ ನಂಬಾಂಗಿಲ್ಲ." ಆದರೆ ದಾಳ ಎತ್ತಿಕೊಳ್ಳಲು ಅವಳಿಗೂ ಕೈ ಬರಲಿಲ್ಲ. ಆಮೇಲೆ ರಬ್ಬರು ತೆಗೆದುಕೊಂಡು ಹಾಳೆಯ ಮೇಲಿನ ಶೀತಲ ಎಂಬುದನ್ನು ಉಜ್ಜಿದಳು. ಆ ಜಾಗದಲ್ಲಿ ಪ್ರಣಾಲಿ ಎಂದು ಬರೆದಳು. "ಈಗ ಒಗೀತೇನಿ."

ವೃಷಭ ಹಾಳೆ ಕಸಿದುಕೊಂಡ. ಅವಳ ಹೆಸರನ್ನು ಎಷ್ಟು ಉಜ್ಜಿ ಅಳಿಸಿದನೆಂದರೆ ಕಾಗದ ಸವೆದು ತೆಳ್ಳಗಾಯಿತು. ವೃಷಭ ಎಂದು ಬರೆದ. ಹಲ್ಲಿಗೆ ಅಂಜುವ ಮನುಷ್ಯ! ಈಗ ಪ್ರಣಾಲಿ ದಾಳವನ್ನು ಮುಟ್ಟಲೊಲ್ಲಳು.

ಸಖುಬಾಯಿ ಗೋಡೆ ಹಿಡಿದು ಎದ್ದು ಬಂದಳು. "ನಂದ ಬರೀರಿ."

"ಅಜ್ಜಿ, ಸುಮ್ನ ಕುಂದರ್ರಿ" ಎಂದ ವೃಷಭ.

"ಯಾಕ ಸುಮ್ನ ಕುಂದರಲಿ? ನನಗ ಎಂಬತ್ತೆರಡ ಆತು. ಹೋದ್ರ ಕಣ್ಣ ಪಿಳಕಿಸೂದರೊಳಗ ಬ್ಯಾರೆ ಕಡೆ ಇರ್ತೇನಿ. ಬರಿಯೋ ಸಂಮೇದ, ನನಗ ಅಕ್ಷರ ಕಾಣಾಂಗಿಲ್ಲ."

ಸಂಮೇದ ಬರೆದ. ಪೆನ್ಸಿಲು ಕಾಗದ ಹರಿದು ಆಚೆ ಬಂತು. ಅಜ್ಜಿ ದಾಳ ಒಗೆಯಿರೆಂದಳು. ಯಾರೂ ಒಗೆಯಲಿಲ್ಲ. "ಹಂಗಾರ ಏಳ್ರಿ, ಹೊತ್ತ ಮುಳಗತೈತಿ, ಊಟ ಮಾಡ್ರಿ" ಎಂದು ಬೈದಳು. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ವೃಷಭ ಹಾಳೆ, ದಾಳ ಎರಡನ್ನೂ ಬಿಸ್ಕೀಟಿನ ಡಬ್ಬಿಗೆ ಹಾಕಿ ಮುಚ್ಚಿದ.

ಮುಂದಿನ ನಾಲ್ಕು ತಿಂಗಳು ನಾವು ಹೇಗೆ ಕಳೆದೆವೋ ನಮಗೇ ಗೊತ್ತು. ವೃಷಭ ದಿನಾ ನನ್ನ ಅಂಗಡಿಗೆ ಫೋನು ಮಾಡುತ್ತಿದ್ದ. "ಇವತ್ತ ಒದೀತಂತ." ಇಲ್ಲವೆ, "ಮುಂಜಾನಿಂದ ಒದ್ದಿಲ್ಲಂತಲೇ." ಅಂಥ ದಿನ ಗಿರಾಕಿಗಳ ಕಣ್ಣಿನ ನಂಬರು ನಾನು ತಪ್ಪು ಬರೆಯುತ್ತಿದ್ದೆ. ಕಡೆಗೆ ಮಿರಜದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹನ್ನೆರಡನೆಯ ದಿನ ತೊಟ್ಟಿಲ ಸುತ್ತ ನಿಂತು ಶೀತಲ ಎಂದು ಕರೆದೆವು. ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಕೂಸಿಗೆ ಹತ್ತು ತಿಂಗಳಾದಾಗ, ಆಟ ಮತ್ತೆ ಶುರು ಮಾಡೋಣ, ಎಲ್ಲ ಹೊಸ ಹಾಳೆ ಎಂದು ನಾನೇ ಹೇಳಿದೆ. ಡಬ್ಬಿ ತೆರೆದೆವು. ಮೇಲೆಯೇ ಆ ಹರಿದ ಹಾಳೆ, ಅದರ ಮೇಲೆ ಸಖುಬಾಯಿಯ ಹೆಸರು, ಮೂರನೆಯ ದಾಳ ಇನ್ನೂ ಬಾಕಿ. ನಾವು ಅದನ್ನು ನೋಡುತ್ತಾ ಕೂತಿದ್ದಾಗ ಶೀತಲ ಅಂಬೆಗಾಲಿಟ್ಟು ಬಂದು ದಾಳ ಎತ್ತಿಕೊಂಡಳು. ಬಾಯಿಗೆ ಹಾಕಿಕೊಂಡಾಳೆಂದು ಪ್ರಣಾಲಿ ಧಾವಿಸಿದಳು. ಅಷ್ಟರಲ್ಲಿ ಕೂಸು ಕೇಕೆ ಹಾಕಿ ಅದನ್ನು ಒಗೆದೇಬಿಟ್ಟಿತು.

ದಾಳ ಟಣಟಣ ಉರುಳಿ ಅಜ್ಜಿ ಮಲಗುವ ಕಾಟಿನ ಕೆಳಗೆ ಹೋಯಿತು. ಸಪ್ಪಳ ನಿಂತಿತು.

"ಎಷ್ಟ ಬಿತ್ತು?" ಎಂದಳು ಕಾಟಿನ ಮೇಲಿದ್ದ ಸಖುಬಾಯಿ.

ಒಬ್ಬರೂ ಬಗ್ಗಲಿಲ್ಲ. ಮುದುಕಿ ತಾನೇ ಇಳಿಯಲು ಕಾಲು ಚಾಚಿದಾಗ ವೃಷಭ ಓಡಿಹೋಗಿ ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮೇಲಿಟ್ಟ.

ಅಂದಿನಿಂದ ಆ ಕಾಟಿನ ಕೆಳಗೆ ಕಸಬರಿಗೆ ಹೋಗಿಲ್ಲ. ರವಿವಾರ ಹೋದಾಗ ನಾನೂ ಅದರ ಮೇಲೆ ಅಜ್ಜಿಯ ಪಕ್ಕ ಕೂಡುತ್ತೇನೆ, ಕಾಲು ಮೇಲೆ ಎತ್ತಿಕೊಂಡು.