ರಾಹುಕಾಲದ ಸಂತೆ

ಎಸ್‌ಟಿಡಿ ಬೂತಿಗೆಂದು ಮಳಿಗೆ ಬಾಡಿಗೆ ಹಿಡಿಯಲು ಹುಬ್ಬಳ್ಳಿಯಿಂದ ಬನಶಂಕರಿಗೆ ಬಂದಿದ್ದೆ. ಕರಾರಿಗೆ ಸಹಿ ಹಾಕುವಷ್ಟರಲ್ಲಿ ಮಾಲೀಕರು ಪೆನ್ನಿನ ಕ್ಯಾಪ್ ಮುಚ್ಚಿಬಿಟ್ಟರು.

"ಮಂಗಳವಾರ ಸಾರ್, ಮೂರಾಯ್ತು. ರಾಹುಕಾಲ. ನಾಲ್ಕೂವರೆಗೆ ಬನ್ನಿ."

ಸಿಟ್ಟಿನಿಂದಲೇ ದೇವಿಯ ಗುಡಿಯತ್ತ ನಡೆದವನು ದಂಗಾಗಿ ನಿಂತೆ. ಅದೇ ಗಳಿಗೆಗೆ ಅಲ್ಲೊಂದು ಸಂತೆಯೇ ಎದ್ದಿತ್ತು! ರಾಶಿ ರಾಶಿ ನಿಂಬೆಹಣ್ಣು, ಎಣ್ಣೆ, ಬತ್ತಿ, ಹೂವು. ರಸ ಹಿಂಡಿ ಒಳಹೊರಗು ಮಗುಚಿದ ನಿಂಬೆಯ ಸಿಪ್ಪೆಗಳಲ್ಲಿ ಸಾಲುಸಾಲು ದೀಪ.

"ಯಕ್ಕಾ, ರಾಹುಕಾಲಕ್ಕ ಮಂದಿ ಅಂಜತಾರಲ್ರೀ?" ಎಂದೆ.

ನಿಂಬೆಹಣ್ಣು ಮಾರುವಾಕೆ ನಕ್ಕಳು. "ಹೆದರ್ತಾರಲ್ಲ ಸಾರ್, ಅದಕ್ಕೇ ಇಲ್ಲಿಗೆ ಬರ್ತಾರೆ. ಈ ಒಂದೂವರೆ ಗಂಟೆ ವ್ಯಾಪಾರದಲ್ಲೇ ಇಬ್ರು ಹೆಣ್ಮಕ್ಳನ್ನ ಓದಿಸ್ದೆ."

ದೀಪಗಳನ್ನು ನೋಡುತ್ತಾ ನಿಂತುಬಿಟ್ಟೆ. ಸಂತೆ ಕರಗಿತು; ಆಕೆ ಖಾಲಿ ಬುಟ್ಟಿ ಎತ್ತಿದಳು. ಗಡಿಯಾರ ನೋಡದೆಯೇ ನಾನು ಸಹಿ ಹಾಕಲು ಹೊರಟೆ.